ಕೀವ್ ಗೊತ್ತು, ಕಾರ್ಪೊರೇಟರ್ ಗೊತ್ತಿಲ್ಲ

ಕೀವ್ ಎಲ್ಲಿದೆ ಎಂದು ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ. ಥಟ್ಟನೆ ಹೇಳುತ್ತಾರೆ. ಖಾರ್ಕಿವ್ ಗೊತ್ತು, ರಫಾ ಗೊತ್ತು, ಹಾರ್ಮುಜ್ ಜಲಸಂಧಿಯೂ ಗೊತ್ತು. ಯಾವ ಕ್ಷಿಪಣಿ ಎಷ್ಟು ದೂರ ಹಾರುತ್ತದೆ, ಯಾವ ಡ್ರೋನಿಗೆ ಎಷ್ಟು ಖರ್ಚು, ಎಲ್ಲ ಬಾಯಿಪಾಠ.

ನಿಮ್ಮ ವಾರ್ಡ್ ಯಾವುದು ಸ್ವಾಮಿ ಎಂದು ಕೇಳಿ. ಮಾತು ನಿಂತುಹೋಗುತ್ತದೆ.

ಪಾಪ, ತಪ್ಪು ಅವರದಲ್ಲ. ವಾರ್ಡು ಇದ್ದಲ್ಲಿ ಇದ್ದರೆ ತಾನೆ ನೆನಪಿರುವುದು? 2015ರ ಚುನಾವಣೆಯಲ್ಲಿ ಬಿಬಿಎಂಪಿಗೆ 198 ವಾರ್ಡ್. ಆಮೇಲೆ 243 ಎಂದರು. ಸರ್ಕಾರ ಬದಲಾಯಿತು, 225 ಎಂದರು. ಈಗ ಗ್ರೇಟರ್ ಬೆಂಗಳೂರು, 369 ಎನ್ನುತ್ತಿದ್ದಾರೆ. ಇಷ್ಟು ಸಲ ಗಡಿ ಬದಲಿಸುವ ಉಮೇದು ಪುಟಿನ್‌ಗೂ ಬಂದಿರಲಿಕ್ಕಿಲ್ಲ.

ಗಡಿ ಬದಲಿಸಿದ್ದು ಚುನಾವಣೆಗಾಗಿ. ಚುನಾವಣೆ ಆಗದಿದ್ದುದು ಗಡಿ ಬದಲಿಸುತ್ತಿದ್ದುದಕ್ಕಾಗಿ. ಅರ್ಥವಾಗದಿದ್ದರೆ ನಗರಾಭಿವೃದ್ಧಿ ಇಲಾಖೆಯ ಕಡತ ಓದಿ. ಅಲ್ಲೂ ಅರ್ಥವಾಗುವುದಿಲ್ಲ.

ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆವತ್ತಿನಿಂದ ಆಡಳಿತಾಧಿಕಾರಿಯದೇ ದರ್ಬಾರು. 2025ರ ಸೆಪ್ಟೆಂಬರಿಗೆ ಐದು ವರ್ಷ ತುಂಬಿತು. ಅಂದರೆ, ಇಲ್ಲದ ಕೌನ್ಸಿಲ್ ತನ್ನ ಪೂರ್ಣಾವಧಿ ಪೂರೈಸಿತು. ಭಿನ್ನಮತವಿಲ್ಲ, ರೆಸಾರ್ಟಿಲ್ಲ, ರಾಜೀನಾಮೆಯಿಲ್ಲ. ಈ ರಾಜ್ಯದಲ್ಲಿ ಇಷ್ಟು ಗೌರವವಾಗಿ ಐದು ವರ್ಷ ಕಳೆದ ಇನ್ನೊಂದು ಸಭೆ ಇದ್ದರೆ ತೋರಿಸಿ.

ಸಂವಿಧಾನ ಏನನ್ನುತ್ತದೆ? 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. 243ಯು ವಿಧಿಯ ಪ್ರಕಾರ ನಗರಾಡಳಿತದ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಅನುಮಾನವಿದ್ದವರಿಗೆ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಅದೇ ವರ್ಷ ಬೆಂಗಳೂರಿನ ಕೌನ್ಸಿಲಿನ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2010ರಲ್ಲಿ. ತೀರ್ಪಿನ ಶಾಯಿ ಒಣಗಲು ಅಷ್ಟು ಕಾಲ ಬೇಕಾಯಿತೇನೋ.

ಆಗ ಕಾರಣ ಏನು? ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ದೊಡ್ಡ ಪಾಲಿಕೆ ಮಾಡುತ್ತಿದ್ದೇವೆ ಎಂದರು. ಈಗ ಕಾರಣ ಏನು? ಆ ದೊಡ್ಡ ಪಾಲಿಕೆಯನ್ನು ಒಡೆದು ಐದು ಮಾಡುತ್ತಿದ್ದೇವೆ ಎಂದರು. ಕೂಡಿಸಿದ್ದೂ ಅಭಿವೃದ್ಧಿಗೆ. ಒಡೆದದ್ದೂ ಅಭಿವೃದ್ಧಿಗೆ. ಗುಂಡಿಗಳು ಮಾತ್ರ ಕೂಡಿಸಿದಾಗ ಎಲ್ಲಿದ್ದವೋ ಒಡೆದಾಗಲೂ ಅಲ್ಲೇ ಇದ್ದವು.

2020ರ ಡಿಸೆಂಬರಿನಲ್ಲಿ ಹೈಕೋರ್ಟ್, ಇರುವ 198 ವಾರ್ಡಿಗೇ ಚುನಾವಣೆ ಮಾಡಿ ಎಂದಿತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿ ತಡೆ ತಂದಿತು. ಗುಂಡಿ ಮುಚ್ಚಲು ವರ್ಷಗಟ್ಟಲೆ ತೆಗೆದುಕೊಳ್ಳುವವರು ಮತಪೆಟ್ಟಿಗೆ ಮುಚ್ಚಲು ಎರಡು ವಾರ ತೆಗೆದುಕೊಂಡರು. ಆಗ ಇದ್ದದ್ದು ಬಿಜೆಪಿ. ವಿರೋಧ ಪಕ್ಷದಲ್ಲಿ ಕೂತು ಚುನಾವಣೆ ಮಾಡಿ ಎಂದು ಬಾಯಿ ಬಡಿದುಕೊಂಡದ್ದು ಕಾಂಗ್ರೆಸ್. 2023ರಲ್ಲಿ ಜಾಗ ಬದಲಾಯಿತು. ಬಾಯಿಯೂ ಬದಲಾಯಿತು.

ಇವರಿಗೆ ಕಾರ್ಪೊರೇಟರ್ ಕಂಡರೆ ಯಾಕೆ ಇಷ್ಟು ಭಯ? ಉತ್ತರ ವಿಧಾನಸೌಧದ ಜವಾನನಿಗೂ ಗೊತ್ತು. ಕಾರ್ಪೊರೇಟರ್ ಎಂದರೆ ನಾಳಿನ ಶಾಸಕ. ಕಾಮಗಾರಿ, ಗುತ್ತಿಗೆ, ವರ್ಗಾವಣೆ, ಉದ್ಘಾಟನೆಯ ಟೇಪು, ಎಲ್ಲದರಲ್ಲೂ ಪಾಲು ಕೇಳುವ ಇನ್ನೊಂದು ಕೈ. ಆಡಳಿತಾಧಿಕಾರಿಯಾದರೆ ಕೇಳುವುದಿಲ್ಲ. ಕೇಳಿದರೆ ವರ್ಗ.

ಕಾರ್ಪೊರೇಟರುಗಳೇನು ಸಂತರಲ್ಲ ಬಿಡಿ. ಅವರ ಕಾಲದಲ್ಲೂ ಕಸದ ಲಾರಿಯಲ್ಲಿ ಕಸಕ್ಕಿಂತ ಬಿಲ್ಲೇ ಹೆಚ್ಚು ತೂಗುತ್ತಿತ್ತು. ಆದರೆ ಬೈಯಲು ಒಂದು ಮುಖ ಇತ್ತು. ಮದುವೆ ಮನೆಯಲ್ಲಿ ಸಿಕ್ಕರೆ 'ಏನ್ ಸಾರ್, ನಮ್ಮ ಚರಂಡಿ ಕಥೆ?' ಎಂದು ಊಟದ ಎಲೆಯ ಮುಂದೆಯೇ ಹಿಡಿದುಕೊಳ್ಳಬಹುದಿತ್ತು. ಐಎಎಸ್ ಅಧಿಕಾರಿಯನ್ನು ಯಾವ ಮದುವೆಯಲ್ಲಿ ಹಿಡಿಯುತ್ತೀರಿ?

ಪ್ರತಿನಿಧಿ ಇಲ್ಲದಿದ್ದರೇನು, ರಸೀದಿ ಬರುತ್ತದೆ. 2025ರ ಏಪ್ರಿಲಿನಿಂದ ಕಸಕ್ಕೆ ಬೇರೆ ಶುಲ್ಕ, ಆಸ್ತಿ ತೆರಿಗೆಯ ಜೊತೆಗೇ ವಸೂಲಿ. ಇ-ಖಾತಾಗೆ ಓಡಾಟ ಬೇರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸಾವಿರಾರು ಕೋಟಿಯ ಸುರಂಗ ರಸ್ತೆ ಎಂದರು. ಯಾವ ಕೌನ್ಸಿಲಿನಲ್ಲಿ ಚರ್ಚೆಯಾಯಿತು? ಯಾರು ಕೈ ಎತ್ತಿದರು? ಯಾರು ಮೈಕು ಕಿತ್ತರು? ಯಾರೂ ಇಲ್ಲ. ನೆಲದ ಮೇಲಿನ ರಸ್ತೆ ಸರಿ ಮಾಡಲಾಗದವರು ನೆಲದ ಕೆಳಗೆ ಹೊರಟರು. ಅಲ್ಲಿ ಯಾರಿಗೂ ಕಾಣುವುದಿಲ್ಲ, ಒಳ್ಳೆಯದೇ.

ದೇವರೇ ಇಳಿದು ಬಂದರೂ ಎರಡು ಮೂರು ವರ್ಷದಲ್ಲಿ ಬೆಂಗಳೂರನ್ನು ಬದಲಿಸಲಾಗದು ಎಂದು, ಬೆಂಗಳೂರು ಅಭಿವೃದ್ಧಿ ಖಾತೆ ಹೊತ್ತಿದ್ದ ಡಿ.ಕೆ. ಶಿವಕುಮಾರ್ 2025ರ ಫೆಬ್ರುವರಿಯಲ್ಲಿ ಹೇಳಿದರು. ದೇವರನ್ನು ಯಾಕೆ ಕರೆಯುತ್ತೀರಿ ಸ್ವಾಮಿ? ಕಾನೂನಿನಲ್ಲಿ ಹೇಳಿರುವುದು ಕಾರ್ಪೊರೇಟರನ್ನು.

ಬೆಂಗಳೂರಿನ ಗೋಳು ಬೆಂಗಳೂರಿಗಿರಲಿ ಎನ್ನುವ ಹಾಗೂ ಇಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಅದೇ ಹಾಡು: ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ವಾಯಿದೆ.

ಇದು ಯಾವ ರಾಜ್ಯ ಗೊತ್ತೇ? ಅಬ್ದುಲ್ ನಜೀರ್ ಸಾಬ್ ಇದ್ದ ರಾಜ್ಯ. ಪಂಚಾಯತ್ ರಾಜ್ ಸಚಿವರಾಗಿ ಬರಗಾಲದಲ್ಲಿ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು. ದೇಶಕ್ಕೆ ಪಂಚಾಯಿತಿಗಳ 73ನೇ ತಿದ್ದುಪಡಿ ಹೊಳೆಯುವ ಮೊದಲೇ, 1987ರಲ್ಲಿ, ಇಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಯಿತು. ಅಧ್ಯಕ್ಷನಿಗೆ ರಾಜ್ಯ ಸಚಿವನ ಸ್ಥಾನಮಾನ ಕೊಟ್ಟರು. ಹಿರಿಯ ಐಎಎಸ್ ಅಧಿಕಾರಿ ಅವನ ಕೈಕೆಳಗೆ ಕೂತ. ಹಳ್ಳಿಯಿಂದ ಬಂದ ಒಬ್ಬ ಪಂಚೆಯವನು ಪ್ಯಾಂಟಿನವನಿಗೆ ಕಡತ ತಾ ಎಂದ. ಆ ದೃಶ್ಯ ಕಂಡು ಬೆಚ್ಚಿಬಿದ್ದ ಶಾಸಕರ ವಂಶ ಇನ್ನೂ ಚೇತರಿಸಿಕೊಂಡಿಲ್ಲ.

ಈಗ ಭಾಷಣದಲ್ಲಿ ನಜೀರ್ ಸಾಬರ ಹೆಸರು ಬರುತ್ತದೆ. ಚುನಾವಣೆ ಬರುವುದಿಲ್ಲ.

ದಿಲ್ಲಿಗೆ ಹೋಗೋಣ. ಅಲ್ಲಿ ಇನ್ನೂ ದೊಡ್ಡ ಕನಸು: ಒಂದು ದೇಶ, ಒಂದು ಚುನಾವಣೆ. ಕೋವಿಂದ್ ಸಮಿತಿ 2024ರ ಮಾರ್ಚಿನಲ್ಲಿ 18,626 ಪುಟಗಳ ವರದಿ ಕೊಟ್ಟಿತು. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೆ ಮತದಾನ, ಅದಾದ 100 ದಿನದೊಳಗೆ ನಗರಸಭೆ, ಪಂಚಾಯಿತಿಗಳಿಗೂ ಮುಗಿಸಿಬಿಡಿ ಎಂದು ಶಿಫಾರಸು. ಡಿಸೆಂಬರಿನಲ್ಲಿ ಮಸೂದೆಯೂ ಸದನಕ್ಕೆ ಬಂತು. ಒಂದು ಊರಿಗೆ ಐದು ವರ್ಷದಲ್ಲಿ ಒಂದು ಚುನಾವಣೆ ಮಾಡಲಾಗದ ದೇಶಕ್ಕೆ 100 ದಿನದ ಗಡುವು! ಪುಟಗಳನ್ನು ರಸ್ತೆಗೆ ಹಾಸಿದ್ದರೆ ಒಂದೆರಡು ಗುಂಡಿಯಾದರೂ ಮುಚ್ಚುತ್ತಿದ್ದವು.

ನಮ್ಮ ವಿಧಾನಸಭೆ ಸುಮ್ಮನಿರಲಿಲ್ಲ. 2024ರ ಜುಲೈನಲ್ಲಿ ಇದರ ವಿರುದ್ಧ ನಿರ್ಣಯ ಅಂಗೀಕರಿಸಿತು. ಪ್ರಜಾಪ್ರಭುತ್ವಕ್ಕೆ, ಒಕ್ಕೂಟ ವ್ಯವಸ್ಥೆಗೆ ಅಪಾಯ ಎಂದಿತು. ಅಪಾಯ ನಿಜ ಇರಬಹುದು. ಆದರೆ ಹೇಳಿದ್ದು ಯಾರು? ಜಿಲ್ಲೆಗೆ, ತಾಲ್ಲೂಕಿಗೆ, ರಾಜಧಾನಿಗೆ ಚುನಾವಣೆಯನ್ನೇ ಮಾಡದೆ ಕೂತವರು. ದಿಲ್ಲಿ ನಮ್ಮ ಅಧಿಕಾರ ಕಿತ್ತುಕೊಳ್ಳುತ್ತಿದೆ ಎಂದು ಕಣ್ಣೊರೆಸಿಕೊಂಡ ಕೈಯಲ್ಲೇ ಪಂಚಾಯಿತಿಯ ಬೀಗದ ಕೈ ಇತ್ತು.

ಚುನಾವಣೆ ನಡೆದರೂ ಏನಾಗುತ್ತದೆ ಎನ್ನುವುದನ್ನು ನಾವು ಕಂಡಿದ್ದೇವೆ. 2017ರಲ್ಲಿ ಗುಜರಾತಿನಲ್ಲಿ ಪ್ರವಾಹ. ಅಲ್ಲಿನ ಕಾಂಗ್ರೆಸ್ ಶಾಸಕರು ಬಿಡದಿಯ ರೆಸಾರ್ಟಿನಲ್ಲಿ. 2022ರಲ್ಲಿ ಅಸ್ಸಾಮಿನಲ್ಲಿ ಪ್ರವಾಹ. ಮಹಾರಾಷ್ಟ್ರದ ಶಿವಸೇನೆ ಶಾಸಕರು ಗುವಾಹಟಿಯ ಪಂಚತಾರಾ ಹೋಟೆಲಿನಲ್ಲಿ.  ಒಣಗಿದ ಜಾಗ ಹುಡುಕುವುದರಲ್ಲಿ ಜನಪ್ರತಿನಿಧಿಗಳು ನಿಪುಣರು.

ನಮ್ಮದು ಅದಕ್ಕಿಂತ ಒಂದು ಕೈ ಮೇಲು. 2019ರಲ್ಲಿ 17 ಶಾಸಕರ ಕೃಪೆಯಿಂದ ಸರ್ಕಾರ ಬಿತ್ತು. ಜುಲೈ 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು. ಸಂಪುಟ? ಆಗಸ್ಟ್ 20ಕ್ಕೆ. ನಡುವೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿ ಉತ್ತರ ಕರ್ನಾಟಕವೇ ಮುಳುಗಿತು. ನೀರಾವರಿ ಸಚಿವರಿಲ್ಲ, ಕಂದಾಯ ಸಚಿವರಿಲ್ಲ, ಉಸ್ತುವಾರಿ ಸಚಿವರಿಲ್ಲ. ಒಬ್ಬರೇ ಮುಖ್ಯಮಂತ್ರಿ ಊರೂರು ತಿರುಗಿದರು. ಉಳಿದವರು ಖಾತೆಗಾಗಿ ಕಾಯುತ್ತಿದ್ದರು. ಜನ ದೋಣಿಗಾಗಿ.

ಇಷ್ಟೆಲ್ಲ ಆದರೂ ನಮ್ಮ ಟಿ.ವಿ.ಗೆ ಇವೆಲ್ಲ ಸಪ್ಪೆ. ಯುದ್ಧ ಬೇಕು. ಅದೂ ದೂರದ್ದು. ಗುಂಡಿಯನ್ನು ಎಷ್ಟು ಹೊತ್ತು ತೋರಿಸಲು ಸಾಧ್ಯ? ಗುಂಡಿಗೆ ಗ್ರಾಫಿಕ್ಸ್ ಮಾಡಿದರೆ ಯಾರು ನೋಡುತ್ತಾರೆ? ಅದೇ ಟ್ಯಾಂಕ್ ಆದರೆ ಸ್ಟುಡಿಯೋದ ನೆಲದ ಮೇಲೇ ಓಡಿಸಬಹುದು.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕದನ ನಡೆದ ಆ ರಾತ್ರಿಗಳನ್ನು ನೆನಪಿಸಿಕೊಳ್ಳಿ. ಕರಾಚಿ ಬಂದರು ಧ್ವಂಸ ಎಂದರು. ಬೆಳಗೆದ್ದು ನೋಡಿದರೆ ಬಂದರು ಇದ್ದಲ್ಲೇ ಇತ್ತು. ಗಂಟೆಗಟ್ಟಲೆ ಸೈರನ್ ಬಾರಿಸಿದರು. ಕೊನೆಗೆ ನಾಗರಿಕ ರಕ್ಷಣಾ ನಿರ್ದೇಶನಾಲಯವೇ, ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಬಳಸಬೇಡಿ, ನಿಜವಾದ ಸೈರನ್ನಿಗೆ ಜನ ಕಿವಿಗೊಡದಂತಾದೀತು ಎಂದು ವಾಹಿನಿಗಳಿಗೆ ತಾಕೀತು ಮಾಡಬೇಕಾಯಿತು. ಶತ್ರುವಿನ ವಿಮಾನಕ್ಕಿಂತ ಮೊದಲು ಸ್ವಂತ ನಿರೂಪಕರನ್ನು ಇಳಿಸಬೇಕಾದ ಸ್ಥಿತಿ.

ಇನ್ನು ಯುದ್ಧ ನಿಲ್ಲಿಸುವವರ ಕಥೆ. ಇದು ಸ್ವಲ್ಪ ಸಾವಧಾನವಾಗಿ ಕೇಳಬೇಕಾದದ್ದು.

2022ರ ಮಾರ್ಚಿನಲ್ಲಿ, ಉಕ್ರೇನಿನಿಂದ ಭಾರತೀಯ ವಿದ್ಯಾರ್ಥಿಗಳು ಹೊರಬರಲೆಂದು ರಷ್ಯಾ ಬಾಂಬ್ ದಾಳಿ ನಿಲ್ಲಿಸಿತು ಎಂಬ ಸುದ್ದಿ ಹಬ್ಬಿತು. ವಿದೇಶಾಂಗ ಇಲಾಖೆಯ ವಕ್ತಾರರು ಆಗಲೇ ಅದು ಸರಿಯಲ್ಲ ಎಂದರು. ಎರಡು ವರ್ಷ ಕಳೆಯಿತು. ಲೋಕಸಭಾ ಚುನಾವಣೆ ಬಂತು. ಬಿಜೆಪಿಯ ಜಾಹೀರಾತಿನಲ್ಲಿ ಹುಡುಗಿಯೊಬ್ಬಳು ವಿಮಾನ ನಿಲ್ದಾಣದಲ್ಲಿ ಅಪ್ಪನನ್ನು ತಬ್ಬಿಕೊಂಡು, ಮೋದಿಜಿ ಯುದ್ಧ ನಿಲ್ಲಿಸಿಬಿಟ್ಟರು ಪಪ್ಪಾ ಎಂದು ಅತ್ತಳು. ವಕ್ತಾರರ ಮಾತು ಕಡತದಲ್ಲಿತ್ತು. ಹುಡುಗಿಯ ಅಳು ಎಲ್ಲರ ಮೊಬೈಲಿನಲ್ಲಿತ್ತು.

ಆಮೇಲೆ 2025ರ ಮೇ 10. ಭಾರತ ಪಾಕಿಸ್ತಾನದ ಕದನ ವಿರಾಮವನ್ನು ನಮಗಿಂತ ಮೊದಲು ಟ್ರಂಪ್ ಘೋಷಿಸಿದರು. ನಾನೇ ನಿಲ್ಲಿಸಿದೆ ಎಂದರು. ಮತ್ತೆ ಎಂದರು. ಹೋದಲ್ಲಿ ಬಂದಲ್ಲಿ ಎಂದರು. ಇಲ್ಲ, ಅದು ಎರಡೂ ಸೇನೆಗಳ ನಡುವೆ ನೇರವಾಗಿ ಆದ ಮಾತುಕತೆ ಎಂದು ನಮ್ಮ ಸರ್ಕಾರ ಹೇಳುತ್ತಲೇ ಇತ್ತು. ಯಾರೋ ದೂರದವನು ನಮ್ಮ ಯುದ್ಧ ತಾನು ನಿಲ್ಲಿಸಿದೆ ಎಂದು ಚುನಾವಣಾ ಭಾಷಣದ ಧಾಟಿಯಲ್ಲಿ ಕೊಚ್ಚಿಕೊಂಡರೆ ಎಷ್ಟು ಉರಿಯುತ್ತದೆ ನೋಡಿ! ಪಪ್ಪಾ ಜಾಹೀರಾತು ನೋಡಿ ಉಕ್ರೇನಿನವರಿಗೆ ಏನನ್ನಿಸಿತೋ, ಯಾರೂ ಕೇಳಲಿಲ್ಲ.

ಕಾಂಗ್ರೆಸ್ಸಿನವರು ಸುಮ್ಮನಿದ್ದರೇ? ಟ್ರಂಪ್ ಎಷ್ಟು ಸಲ ಹಾಗೆ ಹೇಳಿದರು ಎಂದು ಲೆಕ್ಕ ಇಟ್ಟರು. ಒಂದೊಂದು ಸಲವೂ ಬಿಡದೆ ಎಣಿಸಿದರು. ಇಷ್ಟು ನಿಷ್ಠೆಯಿಂದ ಅವರು ಬೆಂಗಳೂರಿನ ಗುಂಡಿ ಎಣಿಸಿದ್ದರೆ!

ಎಣ್ಣೆಯ ಕಥೆ ಇನ್ನೂ ಸೊಗಸು. ಉಕ್ರೇನ್ ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಶೇ 2ರ ಆಸುಪಾಸು. ಆಮೇಲೆ ಮೂರನೇ ಒಂದು ಭಾಗ ದಾಟಿತು. ರಿಯಾಯಿತಿ ದರ, ರಾಷ್ಟ್ರಹಿತ ಎಂದರು. ಆಯಿತು. ಆ ರಿಯಾಯಿತಿ ಬಂಕಿಗೆ ಎಷ್ಟು ಬಂತು? 2024ರ ಮಾರ್ಚ್ 15ರಂದು ಲೀಟರಿಗೆ 2 ರೂಪಾಯಿ ಇಳಿಸಿದರು. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆ. ಜೂನ್ 4ಕ್ಕೆ ಫಲಿತಾಂಶ. ಜೂನ್ 15ಕ್ಕೆ ಕರ್ನಾಟಕ ಸರ್ಕಾರ ಪೆಟ್ರೋಲಿಗೆ 3 ರೂಪಾಯಿ ಏರಿಸಿತು. ದಿಲ್ಲಿಯವರು ಕೊಟ್ಟದ್ದನ್ನು ಬೆಂಗಳೂರಿನವರು ಒಂದು ರೂಪಾಯಿ ಬಡ್ಡಿ ಸೇರಿಸಿ ಕಿತ್ತುಕೊಂಡರು. ಬಿಜೆಪಿಯವರು ಬೀದಿಗಿಳಿದು ಬೆಲೆ ಏರಿಕೆಯ ವಿರುದ್ಧ ಪ್ರತಿಭಟಿಸಿದರು. ಕೇಂದ್ರದ ಅಬಕಾರಿ ಸುಂಕದ ಹೆಸರು ಯಾವ ಫಲಕದಲ್ಲೂ ಇರಲಿಲ್ಲ.

ಆ ರಷ್ಯಾದ ಎಣ್ಣೆ ಇಲ್ಲಿ ಸಂಸ್ಕರಣೆಯಾಗಿ ಡೀಸೆಲ್ ಆಗಿ ಯುರೋಪಿಗೂ ಹೋಯಿತು. ರಷ್ಯಾವನ್ನು ಶಿಕ್ಷಿಸಬೇಕು ಎಂದು ಭಾಷಣ ಮಾಡಿದವರ ಕಾರು ಅದರಲ್ಲೇ ಓಡಿತು. 2025ರ ಆಗಸ್ಟಿನಲ್ಲಿ ಟ್ರಂಪ್ ಆ ಎಣ್ಣೆ ಕೊಂಡದ್ದಕ್ಕೆ ನಮ್ಮ ಮೇಲೆ ಇನ್ನೂ ಶೇ 25 ಸುಂಕ ಜಡಿದರು, ಒಟ್ಟು ಶೇ 50. ತಮ್ಮ ಅಣು ಸ್ಥಾವರಗಳಿಗೆ ರಷ್ಯಾದ ಯುರೇನಿಯಂ ತರಿಸಿಕೊಳ್ಳುತ್ತಿದ್ದ ಬಗ್ಗೆ ಕೇಳಿದರೆ, ನನಗೆ ಗೊತ್ತೇ ಇಲ್ಲ, ವಿಚಾರಿಸುತ್ತೇನೆ ಎಂದರು. ನಮ್ಮ ಆಡಳಿತಾಧಿಕಾರಿಗಳೂ ಹೀಗೇ ಉತ್ತರಿಸುತ್ತಾರೆ. ತರಬೇತಿ ಎಲ್ಲಿ ಆಯಿತೋ.

ವಿಶ್ವಸಂಸ್ಥೆಯ ಬಗ್ಗೆ ಹೆಚ್ಚು ಬರೆಯುವುದು ಕಾಗದಕ್ಕೆ ದಂಡ. 2022ರ ಫೆಬ್ರುವರಿ 25ರಂದು ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯ ಭದ್ರತಾ ಮಂಡಳಿಗೆ ಬಂತು. ವೀಟೊ ಹಾಕಿದ್ದು ರಷ್ಯಾ. ಆ ತಿಂಗಳು ಅಧ್ಯಕ್ಷ ಪೀಠದಲ್ಲಿ ಕೂತಿದ್ದದ್ದೂ ರಷ್ಯಾ. ಗಾಜಾದಲ್ಲಿ ಕದನ ನಿಲ್ಲಿಸಿ ಎಂಬಂಥ ನಿರ್ಣಯಗಳಿಗೆ 2025ರ ಸೆಪ್ಟೆಂಬರಿನ ಹೊತ್ತಿಗೆ ಆರು ಸಲ ವೀಟೊ ಹಾಕಿದ್ದು ಅಮೆರಿಕ. ನಾವು? 2023ರ ಅಕ್ಟೋಬರಿನಲ್ಲಿ ಸಾಮಾನ್ಯ ಸಭೆಯ ಗಾಜಾ ನಿರ್ಣಯಕ್ಕೆ ತಟಸ್ಥ. ಡಿಸೆಂಬರಿನಲ್ಲಿ ಪರ. 2025ರ ಜೂನಿನಲ್ಲಿ 149 ದೇಶ ಪರ ಮತ ಹಾಕಿದಾಗ ಮತ್ತೆ ತಟಸ್ಥ. ವಿಶ್ವಗುರು ತರಗತಿಗೆ ಬರುತ್ತಾರೆ, ಹಾಜರಿ ಹಾಕುತ್ತಾರೆ, ಪಾಠ ಮಾತ್ರ ಮಾಡುವುದಿಲ್ಲ.

ಆದರೆ ದೂರದ ಯುದ್ಧ ದೂರದ್ದೇ ಎಂದುಕೊಂಡವರಿಗೆ 2022ರ ಮಾರ್ಚ್ 1 ನೆನಪಿರಬೇಕು. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ದಿನಸಿಗೆಂದು ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ 97 ಅಂಕ ತೆಗೆದರೂ ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ ಎಂದು ಹೆತ್ತವರು ಹೇಳಿದರು.

ಆ ಹೊತ್ತಿಗೆ ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಅವರಿಗೆ ಒಂದು ಅಂಕಿಅಂಶ ಹೊಳೆದಿತ್ತು: ವಿದೇಶದಲ್ಲಿ ವೈದ್ಯಕೀಯ ಓದುವವರಲ್ಲಿ ಶೇ 90ರಷ್ಟು ಮಂದಿ ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ಫೇಲಾಗುತ್ತಾರಂತೆ. ಶಾಸಕ ಅರವಿಂದ ಬೆಲ್ಲದ ಅವರಿಗೆ ಬೇರೆ ಲೆಕ್ಕ ಹೊಳೆಯಿತು: ಶವಕ್ಕೆ ವಿಮಾನದಲ್ಲಿ ಹೆಚ್ಚು ಜಾಗ ಬೇಕು, ಅಷ್ಟು ಜಾಗದಲ್ಲಿ ಎಂಟು ಹತ್ತು ಜನರನ್ನು ಕರೆತರಬಹುದು. ಲೆಕ್ಕ ತಪ್ಪಿರಲಿಕ್ಕಿಲ್ಲ. ಮಾರ್ಚ್ 21ಕ್ಕೆ ಶವ ಬೆಂಗಳೂರಿಗೆ ಬಂತು. ವಿಮಾನ ನಿಲ್ದಾಣದಲ್ಲಿ ಮುಖ್ಯಮಂತ್ರಿ ನಮನ ಸಲ್ಲಿಸಿದರು. ಕ್ಯಾಮೆರಾಗಳಿಗೆ ಜಾಗದ ಕೊರತೆ ಆಗಲಿಲ್ಲ.

ಹೆತ್ತವರು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಯಾವ ಸರ್ಕಾರಕ್ಕೂ ಇಲ್ಲದ ದೊಡ್ಡತನ ಅದು. ಓದಲು ಸಿಗದ ಪ್ರವೇಶ ಹಾಗೆ ಸಿಕ್ಕಿತು. ಸೀಟಿನ ದರದ ಬಗ್ಗೆ ಆ ವಾರ ಟಿ.ವಿ.ಯಲ್ಲಿ ಚರ್ಚೆಯಾಯಿತು. ಮುಂದಿನ ವಾರ ಬೇರೆ ಚರ್ಚೆ.

ನಾವು ನಾಗರಿಕರೇನು ಕಡಿಮೆಯೇ? 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಮೂರು ನಗರ ಕ್ಷೇತ್ರಗಳಲ್ಲಿ ಮತದಾನ ಶೇ 54ರ ಸುತ್ತಮುತ್ತ. ಬೆರಳಿನ ಶಾಯಿ ತೋರಿಸಿದರೆ ಬೆಣ್ಣೆ ದೋಸೆ ಉಚಿತ ಎಂದು ಹೋಟೆಲಿನವರು ಕರೆದರು. ಅದಕ್ಕೆ ಹೈಕೋರ್ಟಿನ ಒಪ್ಪಿಗೆಯೂ ಸಿಕ್ಕಿತು. ಆದರೂ ಅರ್ಧದಷ್ಟು ಜನ ಏಳಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತ ಯಾಕೆ ತಟಸ್ಥ ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಗುಡುಗುವ ಅಂಕಲ್ ಆ ದಿನ ಚಿಕ್ಕಮಗಳೂರಿನ ಹೋಂ ಸ್ಟೇಯಲ್ಲಿದ್ದರು. ಶುಕ್ರವಾರ ಮತದಾನ ಇಟ್ಟದ್ದು ಆಯೋಗದ ತಪ್ಪಂತೆ.

ಇಷ್ಟಾದ ಮೇಲೂ ನಿಮಗೆ ಸಿಟ್ಟು ಬಂತು ಎನ್ನಿ. ಗುಂಡಿಯ ಮೇಲೋ ಗಾಜಾದ ಮೇಲೋ, ಯಾವುದರ ಮೇಲಾದರೂ. ನಾಲ್ಕು ಜನ ಸೇರಿಸಿ ನಿಮ್ಮ ಬೀದಿಯಲ್ಲಿ ಫಲಕ ಹಿಡಿದು ನಿಲ್ಲುವಂತಿಲ್ಲ. ಬೆಂಗಳೂರಿಗೆ 2021ರ ಪರವಾನಗಿ ಆದೇಶವಿದೆ. ಪೊಲೀಸರ ಅನುಮತಿ ಪಡೆದು ಫ್ರೀಡಂ ಪಾರ್ಕಿಗೇ ಹೋಗಬೇಕು. ಫ್ರೀಡಂ ಪಾರ್ಕ್ ಎಂದರೆ ಹಳೆಯ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಕೂಡಿಹಾಕಿದ್ದು ಅಲ್ಲೇ. ಆ ಅಡ್ವಾಣಿಯವರ ಪಕ್ಷ ರಾಜ್ಯವಾಳುತ್ತಿದ್ದಾಗ ಬಂದ ಆದೇಶ ಇದು. ಕಾಂಗ್ರೆಸ್ ಅಧಿಕಾರಕ್ಕೆ ಬಂದ ಮೇಲೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿತು.

ಕಾರಣವನ್ನೂ ಕೊಟ್ಟಿದ್ದಾರೆ. ಬೀದಿಯಲ್ಲಿ ಪ್ರತಿಭಟಿಸಿದರೆ ಟ್ರಾಫಿಕ್ಕಿಗೆ ತೊಂದರೆಯಂತೆ.